ದೆವ್ವಕ್ಕೊಂದು ಕೊಡ ನೀರು

ದೆವ್ವಕ್ಕೆ ಹೆದರುವವರನ್ನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ. ಹೆದರುವುದೇ ಇಲ್ಲ ಎಂದು ಎದೆ ತಟ್ಟಿಕೊಂಡು, ಹಿತ್ತಲ ದೀಪ ಆರಿಸಲು ಹೆಂಡತಿಯನ್ನು ಕಳಿಸುವವರನ್ನೂ ನೋಡಿದ್ದೇವೆ. ನನ್ನ ಸೋದರಮಾವ ಈ ಎರಡೂ ಗುಂಪಿಗೆ ಸೇರಿದವನಲ್ಲ. ಅವನಿಗಿದ್ದದ್ದು ಒಂದೇ ಭಯ: ದೆವ್ವ ಬಾರದೇ ಹೋದರೆ?

ಅದೂ ಯಾವುದೋ ದಾರಿಹೋಕ ದೆವ್ವವಲ್ಲ. ಅವನು ಕಾಯುತ್ತಿದ್ದದ್ದು ಒಂದೇ ಒಂದು ದೆವ್ವಕ್ಕೆ. ಅದು ಬರಬೇಕು, ಎದುರಿಗೆ ನಿಲ್ಲಬೇಕು, ಅವನನ್ನು ಒಂದು ಮಾತು ಕೇಳಬೇಕು. ಮಿಕ್ಕ ದೆವ್ವಗಳ ಕಥೆಯನ್ನೆಲ್ಲ ಅವನು ಓದುತ್ತಿದ್ದದ್ದು, ಊರಿಂದ ಬರುವವರಿಗಾಗಿ ಕಾಯುವವರು ಸ್ಟೇಷನ್ನಿನಲ್ಲಿ ಬಂದುಹೋಗುವ ಎಲ್ಲ ಗಾಡಿಗಳ ಬೋರ್ಡನ್ನೂ ಓದುತ್ತಾರಲ್ಲ, ಹಾಗೆ.

ಮಾವ ಮದರಾಸಿನಲ್ಲಿ ಎಲೆಕ್ಟ್ರಿಕ್ ಟ್ರೈನ್ ಓಡಿಸುವ ಮೋಟರ್‌ಮ್ಯಾನ್. ಬೀಚ್ ಸ್ಟೇಷನ್ನಿನಿಂದ ತಾಂಬರಂ, ತಾಂಬರದಿಂದ ಬೀಚು. ಊರಿಗೆ ಚೆನ್ನೈ ಎಂದು ಹೊಸ ಹೆಸರು ಬಂದು ಬೋರ್ಡುಗಳೆಲ್ಲ ಬದಲಾದರೂ ನಮ್ಮ ಮನೆಯಲ್ಲಿ ಅದು ಮದರಾಸೇ. ಹಣೆಯಲ್ಲಿ ವಿಭೂತಿ, ಹೆಗಲಲ್ಲಿ ಖಾಕಿ ಚೀಲ, ಚೀಲದಲ್ಲಿ ಮೊಸರನ್ನದ ಡಬ್ಬಿ, ಡಬ್ಬಿಯ ಅಡಿಯಲ್ಲಿ ರಕ್ತ ಸುರಿಯುವ ಮುಖಪುಟದ ಒಂದು ಪುಸ್ತಕ. "ಬೇರೆಯವರ ಗಂಡಂದಿರು ಚೀಲದಲ್ಲಿ ಸಿಗರೇಟು ಬಚ್ಚಿಡ್ತಾರೆ, ನಮ್ಮನೆಯವರು ಹೆಣ ಬಚ್ಚಿಡ್ತಾರೆ" ಎನ್ನುತ್ತಿದ್ದಳು ಅತ್ತೆ.

ಬ್ಯಾಂಕಿನವರು ಅಪ್ಪನನ್ನು ಉತ್ತರದ ಯಾವುದೋ ಊರಿಗೆ ವರ್ಗ ಮಾಡಿದಾಗ, ನನ್ನ ಓದು ಕೆಡಬಾರದೆಂದು ಅಪ್ಪ ಅಮ್ಮ ನನ್ನನ್ನು ತಾಂಬರದ ಮಾವನ ಮನೆಯಲ್ಲಿ ಬಿಟ್ಟು ಹೋದರು. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಮನೆಯಲ್ಲಿ ನಾವು ಮೂವರೇ. ನನಗೆ ಕನ್ನಡ ಕೇಳಿದರೆ ಅರ್ಥವಾಗುತ್ತಿತ್ತು, ಬಾಯಿ ತೆರೆದರೆ ತಮಿಳು ಬೀಳುತ್ತಿತ್ತು. "ಅರಸೀಕೆರೆ ಹೊಟ್ಟೇಲಿ ಹುಟ್ಟಿ ಮದರಾಸು ನಾಲಿಗೆ ಇಟ್ಕೊಂಡಿದೀಯಲ್ಲೇ!" ಎಂದು ಮಾವ ತಲೆ ಚಚ್ಚಿಕೊಳ್ಳುತ್ತಿದ್ದ. ಅವನದು ಇದರ ತಿರುವುಮುರುವು. ತಮಿಳು ಮಾತಾಡುವುದರಲ್ಲಿ ಲಾರಿ ಡ್ರೈವರನಿಗೂ ಬಗ್ಗದವನು, ತಮಿಳು ಅಕ್ಷರ ಮಾತ್ರ ಬಸ್ಸಿನ ಬೋರ್ಡಿನಾಚೆ ಓದಲಾರ.

ಈ ಊನವೇ ನಮ್ಮಿಬ್ಬರ ಒಪ್ಪಂದಕ್ಕೆ ಕಾರಣ. ಬೆಂಗಳೂರಿನಿಂದ ಬರುವ ಕನ್ನಡ ವಾರಪತ್ರಿಕೆಯಲ್ಲಿ ವಾರಕ್ಕೆ ಎರಡೇ ಪುಟ ದೆವ್ವ. ಅಷ್ಟರಿಂದ ಮಾವನಂಥ ಮನುಷ್ಯನ ಹಸಿವು ತೀರುತ್ತದೆಯೇ? ತಾಂಬರಂ ಸ್ಟೇಷನ್ನಿನ ಪುಸ್ತಕದಂಗಡಿಯಲ್ಲೋ, ತಮಿಳಿನ ಪಾಕೆಟ್ ಕಾದಂಬರಿಗಳು ಬಟ್ಟೆ ಒಣಹಾಕಿದಂತೆ ಕ್ಲಿಪ್ಪಿಗೆ ನೇತಾಡುತ್ತಿದ್ದವು, ಒಂದೊಂದರ ಮೇಲೂ ಕೂದಲು ಕೆದರಿಕೊಂಡ ಒಬ್ಬಳು ಹೆಂಗಸು. ಹಾಗಾಗಿ ಅವನು ಕನ್ನಡದ ದೆವ್ವವನ್ನು ನನಗೆ ಓದಿ ಹೇಳುವುದು, ನಾನು ತಮಿಳಿನ ದೆವ್ವವನ್ನು ಕನ್ನಡ ಮಾಡಿ ಅವನಿಗೆ ಹೇಳುವುದು ಎಂದಾಯಿತು. ಸಂಡಿಗೆ ಒಣಹಾಕಿದ ತಾರಸಿಯಲ್ಲಿ, ಮಟಮಟ ಮಧ್ಯಾಹ್ನ, ನಡುವೆ ಕಾಗೆ ಓಡಿಸಿಕೊಂಡು! ಹೆದರಿಸಲು ಬಂದ ದೆವ್ವಗಳಿಗೆ ಇಂಥ ಅವಮಾನ ಬೇರೆಲ್ಲೂ ಆಗಿರಲಾರದು.

ನಾನು ಕನ್ನಡ ಕಲಿತದ್ದು ಹೀಗೆ. ಎಲ್ಲರ ಮನೆಯಲ್ಲಿ ಅ ಅಂದರೆ ಅರಸ, ಆ ಅಂದರೆ ಆನೆ. ನನಗೆ ಅ ಅಂದರೆ ಅಸ್ಥಿಪಂಜರ, ಆ ಅಂದರೆ ಆತ್ಮ, ಗ ಅಂದರೆ ಗೋರಿ. ಇದರ ಫಲ ಕಾಣಿಸಿಕೊಂಡದ್ದು ಅರಸೀಕೆರೆಯ ಒಂದು ಮದುವೆಯಲ್ಲಿ. ಗಂಡಿನ ಅಜ್ಜಿ ಕುಂಕುಮದ ತಟ್ಟೆ ಹಿಡಿದು ಬಂದು, ಪ್ರೀತಿಯಿಂದ ಗಲ್ಲ ಹಿಡಿದು, "ಯಾರ ಮಗಳೇ ತಾಯಿ ನೀನು?" ಎಂದರು. ನನಗೆ ತಿಳಿದಿದ್ದ ಅತ್ಯಂತ ಶುದ್ಧ ಕನ್ನಡದಲ್ಲಿ, ಬಹಳ ಮರ್ಯಾದೆಯಿಂದ ಉತ್ತರ ಕೊಟ್ಟೆ: "ನಾನು ಯಾರೆಂದು ತಿಳಿದರೆ ನೀವು ಬದುಕಿರಲಾರಿರಿ!"

ತಟ್ಟೆ ಕೆಳಗೆ ಬಿತ್ತು. ಅಜ್ಜಿಯನ್ನು ಗಾಳಿ ಬೀಸಿ ಕೂರಿಸಿದರು. ಅಮ್ಮನ ಕಡೆಯವರೆಲ್ಲ ನನ್ನನ್ನು ಸುಡುವಂತೆ ನೋಡುತ್ತಿದ್ದರೆ, ಮಾವ ಕಂಬದ ಹಿಂದೆ ನಿಂತು ಟವೆಲ್ಲು ಬಾಯಿಗೆ ತುರುಕಿಕೊಂಡು ಅಲ್ಲಾಡುತ್ತಿದ್ದ. ಆಮೇಲೆ ಹತ್ತಿರ ಬಂದು ಕಿವಿಯಲ್ಲಿ ಹೇಳಿದ: "ವ್ಯಾಕರಣ ಸರಿಯಾಗಿತ್ತು ಕಣೇ."

ಅವನು ನಕ್ಕದ್ದನ್ನು ನಾನು ನೋಡಿದ್ದು ಅಂಥ ಕೆಲವು ಸಲ ಮಾತ್ರ. ದೆವ್ವದ ಕಥೆ ಓದುವವರು ಮೈ ಜುಮ್ಮೆನಿಸಿಕೊಂಡು ಖುಷಿಪಡುತ್ತಾರೆ ತಾನೇ? ಅದೇ ತಾನೇ ಅದರ ರುಚಿ? ಬಾಗಿಲು ಕಿರ್ರೆಂದಾಗ ಬೆನ್ನಿಗೆ ತಣ್ಣೀರು ಹೊಯ್ದಂತಾಗಬೇಕು, ಪುಟ ಮಗುಚಿದ ಮೇಲೆ ಎಲ್ಲ ಸುಳ್ಳು ಎಂದು ಬೆಚ್ಚಗಾಗಬೇಕು. ಮಾವನಿಗೆ ಜುಮ್ಮೂ ಇಲ್ಲ, ಬೆಚ್ಚಗೂ ಇಲ್ಲ. ಅವನು ಲಾಯರ ಮುಂದೆ ಕೂತ ಕಕ್ಷಿದಾರನಂತೆ ಕೇಳುತ್ತಿದ್ದ. ಸತ್ತವಳು ಯಾರು, ಸಾಯಿಸಿದವನು ಯಾರು, ಇವನ ಮನೆ ಅವಳಿಗೆ ಗೊತ್ತಾದದ್ದು ಹೇಗೆ? ಪ್ರತಿ ಕಾದಂಬರಿಯ ಕೊನೆಯಲ್ಲೂ ಅವನದು ಒಂದೇ ಪ್ರಶ್ನೆ: "ಬಂದು ಕೇಳಿದಳಾ?"

ಕೇಳಿದಳು ಎಂದರೆ ಒಂದು ಉಸಿರು ಬಿಟ್ಟು ಸಂಡಿಗೆ ತಿರುವಿಹಾಕುತ್ತಿದ್ದ.

ಅವನಿಗೆ ವಿಪರೀತ ಸಿಟ್ಟು ಬರುತ್ತಿದ್ದದ್ದು ಬೇರೊಂದು ಜಾತಿಯ ಕಥೆಗೆ. ನಿಮಗೂ ಗೊತ್ತಿರುತ್ತದೆ. ಇನ್ನೂರು ಪುಟ ಕಾಡಿಸಿ, ಕೊನೆಯ ಪುಟದಲ್ಲಿ ಇನ್‌ಸ್ಪೆಕ್ಟರು ಬಂದು ದೆವ್ವದ ಮುಸುಕು ಎಳೆದರೆ ಒಳಗೆ ಎಸ್ಟೇಟ್ ಮ್ಯಾನೇಜರ್! ಆಸ್ತಿಗಾಗಿ ಬಿಳಿ ಸೀರೆ ಉಟ್ಟುಕೊಂಡು ತಿರುಗುತ್ತಿದ್ದನಂತೆ! ವಾರಪತ್ರಿಕೆಯ ಧಾರಾವಾಹಿ ಹೀಗೆ ಮುಗಿದ ದಿನ ಮಾವ ಆ ಪುಟವನ್ನು ಹರಿದು, ಅತ್ತೆ ಕರಿಯುತ್ತಿದ್ದ ಬೋಂಡಾದ ಎಣ್ಣೆ ಹಿಂಡಲು ಕೊಟ್ಟುಬಿಟ್ಟ. "ಮೋಸ ಕಣೇ ಇದು. ಸತ್ತೋರು ಬರಲ್ಲ ಅನ್ನೋದನ್ನ ಹೇಳೋಕೆ ಇಷ್ಟು ವಾರ ಬೇಕಿತ್ತಾ? ಅದು ನಮಗೇ ಗೊತ್ತಿಲ್ವಾ?" ಎಂದ. ಆ ದಿನ ಬೋಂಡಾ ಮುಟ್ಟಲಿಲ್ಲ. ಎರಡು ದಿನ ಮಾತೂ ಆಡಲಿಲ್ಲ.

ಅಂದಿನಿಂದ ನಾನೊಂದು ಉಪಾಯ ಮಾಡಿದೆ. ತಮಿಳು ಕಾದಂಬರಿಯಲ್ಲಿ ಮುಸುಕು ಎಳೆಯುವ ಪುಟ ಬಂತೋ, ಅಲ್ಲಿಂದ ಪುಸ್ತಕ ಬಿಟ್ಟು ನನ್ನದೇ ಶುರು. ಮುಸುಕಿನೊಳಗೆ ಯಾರೂ ಇಲ್ಲ! ಬರೀ ಗಾಳಿ! ದೆವ್ವ ನಿಜವಾಗಿ ಬಂದು, ನಿಜವಾಗಿ ಕೇಳಿ, ನಿಜವಾಗಿ ಮಾಯವಾಗುತ್ತಿತ್ತು. ಎಷ್ಟು ಎಸ್ಟೇಟ್ ಮ್ಯಾನೇಜರುಗಳು ನನ್ನ ಬಾಯಲ್ಲಿ ಅಸಲಿ ಪಿಶಾಚಿಗಳಾಗಿ ಬಡ್ತಿ ಪಡೆದರೋ ಲೆಕ್ಕವಿಲ್ಲ. ಮಾವ ತೃಪ್ತನಾಗಿ ತೀರ್ಪು ಕೊಟ್ಟ: "ಏನೇ ಅನ್ನು, ತಮಿಳು ಲೇಖಕರು ಪ್ರಾಮಾಣಿಕರು. ನಮ್ಮವರ ಹಾಗೆ ಕೊನೇಲಿ ಕೈ ಕೊಡಲ್ಲ."

ಓದಿ ಸಾಲದೆಂದು ಅವನು ದೆವ್ವವಿರುವ ಮನೆಯನ್ನೇ ಹುಡುಕಿದ್ದನ್ನೂ ಹೇಳಬೇಕು. ಮನೆ ಬದಲಾಯಿಸುವ ಸಂದರ್ಭ ಬಂದಿತ್ತು. ಬ್ರೋಕರು ತಲೆ ಕೆರೆದುಕೊಂಡು, "ಎನ್ನ ಸಾರ್ ನೀಂಗ! ಊರೆಲ್ಲ ತಣ್ಣಿ ಇದೆಯಾ ಅಂತ ಕೇಳತ್ತೆ, ನೀವು ಪೇಯ್ ಇದೆಯಾ ಅಂತೀರಲ್ಲ" ಎಂದ. ತಣ್ಣಿ ಎಂದರೆ ನೀರು, ಪೇಯ್ ಎಂದರೆ ನಮ್ಮ ದೆವ್ವ. ಕೊನೆಗೆ ಒಂದು ಸಿಕ್ಕಿತು. ಯಾರೋ ಬಾವಿಗೆ ಬಿದ್ದು ಸತ್ತರೆಂದು ಬಾಡಿಗೆಗೆ ಯಾರೂ ಬಾರದೆ ಬೀಗ ಹಾಕಿದ್ದ ಮನೆ. ಮಾವ ಹೊಸ ಅಳಿಯನ ಉತ್ಸಾಹದಲ್ಲಿ ಒಳಗೆ ಹೋದ. ಅತ್ತೆ ದೇವರ ಪಟಗಳನ್ನೆಲ್ಲ ಬಾವಿಯ ಕಡೆ ಮುಖ ಮಾಡಿ ಜೋಡಿಸಿದಳು. ಒಂದು ವರ್ಷ ಇದ್ದೆವು. ಬಂದದ್ದು ಹೆಗ್ಗಣ ಮಾತ್ರ. ಮಾವ ಬಾವಿ ಕಟ್ಟೆಯ ಮೇಲೆ ಕೂತು ಒಣಗಿದ ತಳ ನೋಡುತ್ತಾ ಹೇಳಿದ: "ಹನಿ ನೀರಿಲ್ಲ. ಪಾಪ, ಅದೂ ಮನೆ ಖಾಲಿ ಮಾಡಿಕೊಂಡು ಹೋಗಿರಬೇಕು."

ಆ ಬೇಸಿಗೆಗಳು ಹಾಗಿದ್ದವು. ಎರಡು ಸಾವಿರದ ಇಸವಿ ದಾಟಿದ ಮೇಲೆ ಮಳೆ ಕೈಕೊಟ್ಟು, ಊರಿನ ನಲ್ಲಿಗಳೆಲ್ಲ ಬರೀ ಬುಸ್ಸೆನ್ನುತ್ತಿದ್ದವು. ತಣ್ಣಿ ಲಾರಿ ಬೀದಿ ತಿರುಗುವ ಸದ್ದಿಗೆ ಇಡೀ ಬೀದಿ ಪ್ಲಾಸ್ಟಿಕ್ ಕೊಡ ಹಿಡಿದು ಓಡುತ್ತಿತ್ತು. ಅಕ್ಕಪಕ್ಕದವರು ಜುಟ್ಟು ಹಿಡಿದುಕೊಳ್ಳುತ್ತಿದ್ದರು. ಆಗಲೂ ಮಾವನದೊಂದು ಕಟ್ಟುಪಾಡು ತಪ್ಪಲಿಲ್ಲ. ಹಸಿರು ಬಣ್ಣದ ಒಂದು ಕೊಡ, ಅಂಚಿನವರೆಗೆ ತುಂಬಿ, ಹೊಸಲಿನ ಹೊರಗೆ ಇಟ್ಟಿರಬೇಕು. ಯಾರೂ ಮುಟ್ಟಬಾರದು. ಬೆಳಿಗ್ಗೆ ಹಳೆಯದನ್ನು ನುಗ್ಗೆಮರದ ಬುಡಕ್ಕೆ ಸುರಿದು ಹೊಸದಾಗಿ ತುಂಬುತ್ತಿದ್ದ.

"ಮನುಷ್ಯರಿಗೆ ಮುಖ ತೊಳೆಯೋಕಿಲ್ಲ, ದೆವ್ವಕ್ಕೆ ಒಂದು ಕೊಡ!" ಎಂದು ಅತ್ತೆ ಕೂಗಾಡುತ್ತಿದ್ದಳು. ಪಕ್ಕದ ಮನೆ ಮಾಮಿ ಒಂದು ಚೊಂಬು ತಗೊಳ್ಳಲೇ ಎಂದು ಕೇಳಿದಾಗ ಮಾವ ಅಡುಗೆಮನೆಯ ಕೊಡವನ್ನೇ ಎತ್ತಿ ಕೊಟ್ಟ, ಹಸಿರು ಕೊಡದಿಂದ ಹನಿ ಕೊಡಲಿಲ್ಲ. ಅತ್ತೆ ಅಂದು ಸಾರು ಮಾಡಲಿಲ್ಲ. ಇಡೀ ಬೀದಿಯಲ್ಲಿ ಆ ವರ್ಷ ಚಿಗುರಿದ್ದು ನಮ್ಮ ನುಗ್ಗೆಮರ ಒಂದೇ!

ಅತ್ತೆ ಮದರಾಸಿನಲ್ಲೇ ಹುಟ್ಟಿದವಳು, ತಮಿಳು ಚೆನ್ನಾಗಿ ಓದಬಲ್ಲಳು ಎನ್ನುವುದನ್ನು ನಾನು ಮರೆತೇಬಿಟ್ಟಿದ್ದೆ. ಒಂದು ಮಧ್ಯಾಹ್ನ ಮಾವ ಡ್ಯೂಟಿಗೆ ಹೋದ ಮೇಲೆ, ಅವಳು ಹಿಂದಿನ ದಿನದ ಕಾದಂಬರಿಯನ್ನು ಕೈಯಲ್ಲಿ ಹಿಡಿದು ನನ್ನೆದುರು ಬಂದು ಕೂತಳು.

"ಇದರಲ್ಲಿ ಕೊನೇಗೆ ಬರೋನು ಸೀಮೆಎಣ್ಣೆ ಅಂಗಡಿಯವನು ಅಲ್ವೇನೇ? ನೀನೇನೋ ಬೇರೆ ಓದ್ತಿದ್ದೆ?"

ಬೆನ್ನು ಬಗ್ಗಿಸಿಕೊಂಡೆ, ಏಟಿಗೆ. ಏಟು ಬೀಳಲಿಲ್ಲ. ಅತ್ತೆ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಹೊಸಲಿನಾಚೆಯ ಕೊಡದ ಕಡೆ ನೋಡಿದಳು.

"ಹಾಗೇ ಓದು," ಎಂದಳು. "ಯಾವಾಗಲೂ ಹಾಗೇ ಓದು ಪುಟ್ಟಿ."

ಆಮೇಲೆ ಹೇಳಿದಳು. ನಾನು ಬರುವುದಕ್ಕೆ ಮುಂಚೆ ನಡೆದದ್ದು. ಹಾಡುಹಗಲು, ತಾಂಬರಕ್ಕೆ ಬರುವ ಹಾದಿಯಲ್ಲಿ, ಹಳಿಯ ಆಚೆಯ ಗುಡಿಸಲುಗಳ ಒಬ್ಬಳು ಹೆಂಗಸು ಈಚೆಯ ನಲ್ಲಿಯಿಂದ ನೀರು ಹಿಡಿದುಕೊಂಡು ಹಳಿ ದಾಟುತ್ತಿದ್ದಳು. ಸೊಂಟದಲ್ಲೊಂದು ಕೊಡ, ಕೈಯಲ್ಲೊಂದು. ಮಾವ ಹಾರ್ನ್ ಒತ್ತಿದ. ಬ್ರೇಕ್ ಹಾಕಿದ. ಅವಳು ಹೆಚ್ಚುಕಡಿಮೆ ದಾಟಿಯೇಬಿಟ್ಟಿದ್ದಳು. ಏನೋ ಜಾರಿದಂತಾಗಿ ನಿಂತಳು, ಹಿಂತಿರುಗಿ ನೋಡಿದಳು. ಅಷ್ಟೆ. ಅಷ್ಟು ಭಾರದ ಗಾಡಿ ಬ್ರೇಕ್ ಹಾಕಿದ ಕಡೆ ನಿಲ್ಲುತ್ತದೆಯೇ? ಅವಳ ಹಸಿರು ಕೊಡ ಜಲ್ಲಿಕಲ್ಲಿನ ಮೇಲೆ ಉರುಳಿ ಹೋಗಿ ನಿಂತಿತ್ತಂತೆ, ಒಂದು ಬಿರುಕೂ ಇಲ್ಲದೆ.

ಗಾರ್ಡ್ ಬಂದ. ದೇಹ ಪಕ್ಕಕ್ಕೆ ಸರಿಸಿದರು. ಹಿಂದಿನ ಬೋಗಿಯಿಂದ ಯಾರೋ "ಆಫೀಸಿಗೆ ಲೇಟಾಗತ್ತೆ ಸಾರ್" ಎಂದು ಕೂಗಿದರು. ಮುಂದಿನ ಸ್ಟೇಷನ್ನಿನಲ್ಲಿ ವರದಿ ಕೊಟ್ಟು ಮಾವ ಅದೇ ಗಾಡಿಯನ್ನು ತಾಂಬರದವರೆಗೂ ಓಡಿಸಿಕೊಂಡು ಬಂದ. ವಿಚಾರಣೆಯಲ್ಲಿ, ಹಾರ್ನ್ ಹೊಡೆದೆಯಾ, ಹೊಡೆದೆ. ಬ್ರೇಕ್ ಹಾಕಿದೆಯಾ, ಹಾಕಿದೆ. ನಿನ್ನ ತಪ್ಪೇನಿಲ್ಲ ಹೋಗು, ಎಂದರು.

"ತಪ್ಪಿಲ್ಲ ಅಂತ ಎಲ್ಲಾರೂ ಹೇಳಿದ್ರು," ಎಂದಳು ಅತ್ತೆ. "ಸಮಾಧಾನ ಆಗಲಿ ಅಂತಲೇ ಹೇಳಿದ್ದು. ಇವರಿಗೆ ಅದೇ ಮುಳ್ಳಾಯ್ತು. 'ಅವಳು ನನ್ನ ಮುಖ ನೋಡಿದಳು ಕಣೇ, ಏನೋ ಕೇಳೋಳ ಹಾಗೆ ನೋಡಿದಳು' ಅಂತಾರೆ."

ಹದಿನೈದು ದಿನ ಕಳೆದ ಮೇಲೆ ಮಾವ ಆ ಗುಡಿಸಲು ಹುಡುಕಿಕೊಂಡು ಹೋದನಂತೆ, ನಾನೇ ಆ ಗಾಡಿಯವನು ಎಂದು ಹೇಳಲು. ಬಾಗಿಲಲ್ಲಿ ಸತ್ತವಳ ಅತ್ತೆ, ಮುದುಕಿ, ಕೂತಿದ್ದಳು. ಇವನ ಖಾಕಿ ಚೀಲ ನೋಡಿ, ಗುಡಿಸಲು ಎಬ್ಬಿಸಲು ಬಂದ ರೈಲ್ವೆಯವನೆಂದು ಹೆದರಿ, ಬೆಂಚು ಹಾಕಿ ಕೂರಿಸಿ, ಬಿಸಿಲಲ್ಲಿ ಬಂದಿದ್ದೀರೆಂದು ಒಂದು ಲೋಟ ನೀರು ಕೊಟ್ಟಳು. ಹಸಿರು ಕೊಡದಿಂದ ಬಗ್ಗಿಸಿ. ಅದೇ ಕೊಡ.

ಮಾವ ನೀರು ಕುಡಿದ. ಬಂದ ವಿಷಯ ಹೇಳಲಿಲ್ಲ. ಎದ್ದು ಬಂದುಬಿಟ್ಟ. ಮತ್ತೆ ಹೋಗುವಷ್ಟರಲ್ಲಿ ಗುಡಿಸಲುಗಳನ್ನು ಎಬ್ಬಿಸಿಯಾಗಿತ್ತು. ಯಾರು ಎಲ್ಲಿಗೆ ಹೋದರೋ.

ಮನೆಯಲ್ಲಿ ದೆವ್ವದ ಪುಸ್ತಕ, ಹೊಸಲಾಚೆ ಅಂಥದ್ದೇ ಹಸಿರು ಕೊಡ ಶುರುವಾದದ್ದು ಆಮೇಲೆ.

ಈ ಪುಸ್ತಕಗಳಲ್ಲಿ ಅಂಥದ್ದೇನಿದೆ ಎಂದು ಓದು ಬಲ್ಲವರು ಮೂಗು ಮುರಿಯುತ್ತಾರೆ. ಆ ಮಧ್ಯಾಹ್ನದವರೆಗೆ ನನಗೂ ಗೊತ್ತಿರಲಿಲ್ಲ. ನಮ್ಮ ಊರಿನಲ್ಲಿ ಒಬ್ಬಳು ಸತ್ತರೆ ಸ್ವಲ್ಪ ಹೊತ್ತಿಗೆಲ್ಲ ಗಾಡಿ ಮತ್ತೆ ಸಮಯಕ್ಕೆ ಓಡುತ್ತದೆ. ಪೇಪರಿನಲ್ಲಿ ನಾಲ್ಕು ಸಾಲು, ಅದರ ಪಕ್ಕದಲ್ಲೇ ಅಡಿಕೆಪುಡಿಯ ಜಾಹೀರಾತು. ಆ ಪಾಕೆಟ್ ಕಾದಂಬರಿಯ ಲೋಕದಲ್ಲಿ ಮಾತ್ರ ಯಾರೂ ಸುಮ್ಮನೆ ಸಾಯುವುದಿಲ್ಲ. ಗಾಳಿ ನಿಲ್ಲುತ್ತದೆ, ನಾಯಿ ಊಳಿಡುತ್ತದೆ, ದೀಪ ನಡುಗುತ್ತದೆ. ಸತ್ತವಳು ಎಷ್ಟು ದೂರದಿಂದಾದರೂ ಬಂದು, ಸರಿಯಾದ ಮನೆಯ ಬಾಗಿಲನ್ನೇ ಬಡಿಯುತ್ತಾಳೆ. ಬಂದರೆ ಭಯ, ನಿಜ. ಬಾರದಿದ್ದರೆ ಅದು ಇನ್ನೂ ಭಯ ಎಂದು ಮಾವನಂಥವರಿಗೆ ಮಾತ್ರ ಗೊತ್ತು.

ವರ್ಷಗಳು ಹೋದವು. ಮಾವ ನಿವೃತ್ತನಾದ. ನಾನು ಶೋಳಿಂಗನಲ್ಲೂರಿನ ಗಾಜಿನ ಕಟ್ಟಡವೊಂದರಲ್ಲಿ ಕೆಲಸಕ್ಕೆ ಸೇರಿದೆ. ಊರಲ್ಲಿ ಮಳೆ ಬಂತು, ಲಾರಿ ನಿಂತಿತು. ಹಸಿರು ಕೊಡ ಬಿಸಿಲಿಗೆ ಬಿಳಿಚಿಕೊಂಡರೂ ಹೊಸಲು ಬಿಡಲಿಲ್ಲ. ಸಕ್ಕರೆ ಕಾಯಿಲೆ ಮಾವನ ಒಂದು ಪಾದಕ್ಕೆ ಹತ್ತಿ, ಕೊಳೆತು, ಮೊಣಕಾಲ ಕೆಳಗೆ ತೆಗೆಯಲೇಬೇಕು ಎಂದರು ಆಸ್ಪತ್ರೆಯವರು. ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ರಜೆ ಹಾಕಿ, ಸ್ಟೇಷನ್ನಿನ ಅಂಗಡಿಯಲ್ಲಿ ಒಂದು ಕಾದಂಬರಿ ಕೊಂಡು ಹೋದೆ.

"ಬಾರೇ ಪಿಶಾಚಿ," ಎಂದ ಮಾವ. ಅದು ಅವನ ಮುದ್ದಿನ ಮಾತು. "ದೆವ್ವಕ್ಕೆ ಕಾಲಿರಲ್ಲ ಅಂತಾರಲ್ಲ, ನಾನು ಧಾರಾವಾಹಿ ಥರ ದೆವ್ವ ಆಗ್ತಿದೀನಿ. ಒಂದೊಂದೇ ಕಂತು."

ಅತ್ತೆ, "ಬಾಯಿ ಮುಚ್ಚಿ ಸುಮ್ನೆ," ಎಂದು ಮುಖ ತಿರುಗಿಸಿ, ಫ್ಲಾಸ್ಕ್ ತೊಳೆಯಲು ಹೊರಗೆ ಹೋದಳು.

ಮಾವ ಹೊದ್ದ ಬೆಡ್‌ಶೀಟಿನ ಕೆಳಗಿನ ತನ್ನ ಕಾಲಿನ ಕಡೆ ನೋಡುತ್ತಿದ್ದ. ಆವರೆಗೆ ಒಮ್ಮೆಯೂ ನನ್ನ ಹತ್ತಿರ ಆಡದ ಮಾತನ್ನು ಆಗ ಆಡಿದ.

"ಅವಳು ಬರಲೇ ಇಲ್ಲ ಕಣೇ. ಕಾಲಿರೋವಾಗಲೇ ಬಂದಿದ್ರೆ, ಎದ್ದು ನಿಂತ್ಕೊಂಡು ಮಾತಾಡ್ತಿದ್ದೆ."

ನಾನು ಪುಸ್ತಕ ತೆರೆದೆ. ಬೆಟ್ಟದ ಮೇಲೊಂದು ಬಂಗಲೆ, ಒಬ್ಬ ಕಾವಲುಗಾರ, ಬಾಗಿಲಾಚೆ ದಿನವೂ ಹೆಜ್ಜೆ ಸದ್ದು. ಮಾವ ಕಣ್ಣು ಮುಚ್ಚಿ ಕೇಳುತ್ತಿದ್ದ. ಕೊನೆಯ ಅಧ್ಯಾಯಕ್ಕೆ ಬಂದೆ. ಕಾವಲುಗಾರ ಬಾಗಿಲು ತೆಗೆದ. ಎದುರಿಗೆ ಬಿಳಿ ಮುಸುಕು. ಮುಸುಕಿನೊಳಗೆ, ಇನ್ಯಾರು? ಎಸ್ಟೇಟ್ ಮ್ಯಾನೇಜರ್!

ಪುಟ ಮಗುಚಿ ಓದುತ್ತಲೇ ಹೋದೆ.

"ಬಾಗಿಲಾಚೆ ಒಬ್ಬಳು ಹೆಂಗಸು ನಿಂತಿದ್ದಳು. ಸೊಂಟದ ಮೇಲೆ ಖಾಲಿ ಕೊಡ."

ಬೆಟ್ಟದ ಬಂಗಲೆಗೆ ಕೊಡ ಯಾಕೆ ಬಂತು ಎಂದು ಮಾವ ಕೇಳಲಿಲ್ಲ. ಕಣ್ಣೂ ತೆರೆಯಲಿಲ್ಲ.

"ಬಂದು ಕೇಳಿದಳಾ?"

"ಕೇಳಿದಳು ಮಾವ."

"ಏನಂತ?"

"'ನೀರಿದೆಯಾ' ಅಂತ. ಕಾವಲುಗಾರ ಹೊಸಲ ಹತ್ತಿರ ತುಂಬಿಟ್ಟಿದ್ದ ಕೊಡ ತೋರಿಸಿದ. 'ಅವತ್ತು ನೀನು ನನ್ನ ಮುಖ ನೋಡಿದೆಯಲ್ಲ, ಏನು ಕೇಳಬೇಕು ಅಂತಿದ್ದೆ?' ಅಂದ. ಅವಳಿಗೆ ಆಶ್ಚರ್ಯ. 'ನಿನ್ನ ಮುಖವಾ? ನಾನೆಲ್ಲಿ ನೋಡಿದೆ? ಜಾರಿದ ಕೊಡ ಉರುಳಿ ಎಲ್ಲಿ ಹೋಯಿತು ಅಂತ ನೋಡಿದೆ' ಅಂದಳು. ತುಂಬಿದ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡಳು. 'ಮನೇಲಿ ಮುದುಕಿ ಕಾಯ್ತಿದಾಳೆ' ಅಂತ ಹೇಳಿ, ನಿಧಾನವಾಗಿ ಇಳಿದು ಹೋದಳು."

ತಲೆ ಎತ್ತಿದರೆ ಮಾವ ಕಣ್ಣು ತೆರೆದಿದ್ದ. ನನ್ನನ್ನು ನೋಡುತ್ತಿರಲಿಲ್ಲ. ನನ್ನ ಕೈಯಲ್ಲಿ ತೆರೆದಿದ್ದ ಪುಟವನ್ನು ನೋಡುತ್ತಿದ್ದ. ಆಗಲೇ ನಾನೂ ಅದನ್ನು ನೋಡಿದ್ದು. ಕಥೆ ಹಿಂದಿನ ಪುಟದಲ್ಲೇ ಮುಗಿದಿತ್ತು. ಇದು ಕೂದಲೆಣ್ಣೆಯ ಜಾಹೀರಾತು. ಇಡೀ ಪುಟದ ತುಂಬ, ಮೊಣಕಾಲಿನವರೆಗೆ ಕೂದಲು ಬಿಟ್ಟುಕೊಂಡ ಒಬ್ಬಳು ಹೆಂಗಸು, ಹಿಂತಿರುಗಿ ನೋಡುತ್ತಾ ನಗುತ್ತಿದ್ದಳು.

ಮಾವ ಅವಳನ್ನೇ ನೋಡುತ್ತಿದ್ದ. ಆಮೇಲೆ ಮೊಣಕೈ ಊರಿ, ದಿಂಬು ಸರಿಮಾಡಿಕೊಂಡು, ಕಷ್ಟಪಟ್ಟು ನೇರವಾಗಿ ಎದ್ದು ಕೂತ.

"ಇನ್ನೊಂದ್ಸಲ ಓದು," ಎಂದ.